ಗಾಜಿನ ತೊಟ್ಟಿಯ ಹಸಿರು ಹಾಸು ಹಳದಿಯಾದರೆ ಮೊದಲು ಸುಳಿ ನೋಡಿ



ಈ ಪಕ್ಷದ ಟಪಾಲಿನಲ್ಲಿ ಮಾಮೂಲಿನಂತೆ ಉಪ್ಪಿನಕಾಯಿಗೆ ಬೂಸು ಬಂದ ಪ್ರಶ್ನೆಯಿದೆ, ಇಡ್ಲಿ ಗಟ್ಟಿಯಾದ ಪ್ರಶ್ನೆಯೂ ಇದೆ. ಅವುಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ. ಈ ಸಲ ಇಡೀ ಪುಟವನ್ನು ಕಲಬುರಗಿಯ ಒಬ್ಬ ತಂಗಿಯ ಪತ್ರಕ್ಕೆ ಮೀಸಲಿಟ್ಟಿದ್ದೇನೆ. ಮೀನಿನ ತೊಟ್ಟಿ ಇಡುವ ಹವ್ಯಾಸ ಈಗ ಸಣ್ಣ ಊರುಗಳ ಮನೆಗಳಿಗೂ ಬಂದಿದೆ. ಇದೇ ತೊಂದರೆಯನ್ನು ಇನ್ನೂ ಕೆಲವರು ಬೇರೆ ಮಾತಿನಲ್ಲಿ ಬರೆದಿದ್ದಾರೆ. ಪತ್ರ ಹೀಗಿದೆ:

“ಅಕ್ಕಾ, ನಮ್ಮ ಅತ್ತಿಯವರು ಬಿದ್ದು ಕಾಲು ಮುರಕೊಂಡು ಮೂರು ತಿಂಗಳಾತು. ದಿನಾ ಪಡಸಾಲಿ ಮಂಚದ ಮ್ಯಾಲೇ ಇರ್ತಾರ. ಅವರ ಕಣ್ಣಿಗೆ ತಂಪಾಗ್ಲಿ ಅಂತ ಜಂಪರ ಹೊಲಿದ ರೊಕ್ಕದಾಗ ಎರಡು ಫೂಟಿನ ಮೀನಿನ ತೊಟ್ಟಿ ತಂದು ಎದುರಿಗೆ ಇಟ್ಟೀನಿ. ತಳದಾಗ ಮಾಂಟೆ ಕಾರ್ಲೋ ಅನ್ನೋ ಹಾಸುಗಿಡ ಹಚ್ಚೀನಿ, ಆರು ಗಪ್ಪಿ ಮೀನು ಬಿಟ್ಟೀನಿ. ಹದಿನೆಂಟು ದಿವಸಕ್ಕ ಗಿಡ ಹಳದಿ ಆಗಲಕತ್ತದ. ಅಂಗಡಿಯವರು ಕಬ್ಬಿಣದ ಔಷಧ ಹಾಕ್ರಿ ಅಂತಾರ, ಬಾಜು ಮನಿಯವರು ಚಿಟಿಕಿ ಯೂರಿಯಾ ಹಾಕ್ರಿ ಅಂತಾರ, ನಮ್ಮ ಮನಿಯವರು ಕಿತ್ತಿ ಒಗದು ಪ್ಲಾಸ್ಟಿಕ್ ಹುಲ್ಲು ಹಾಕು ಅಂತಾರ. ಅತ್ತಿಯವರು ‘ನನ್ನಂಗೇ ಇದೂ ಒಣಗಲಕತ್ತದ’ ಅಂದ್ರು. ಆ ಮಾತು ನನಗ ತಡಕೊಳ್ಳಾಕ ಆಗವಲ್ದು. ಏನು ಹಾಕಬೇಕು ಹೇಳ್ರಿ.”

ತಂಗೀ, ನೀನು ಏನು ಹಾಕಬೇಕು ಎಂದು ಕೇಳಿದ್ದೀ. ನನ್ನ ಉತ್ತರ: ಸದ್ಯಕ್ಕೆ ಏನೂ ಹಾಕಬೇಡ. ಮೊದಲು ನೋಡು, ಆಮೇಲೆ ಬೇಡವಾದದ್ದನ್ನು ತೆಗೆ, ಹಾಕುವುದು ಕಡೆಯ ಮಾತು. ನೀನು ಕಳಿಸಿದ ಎರಡು ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ನಿನ್ನ ಗಿಡ ಸತ್ತಿಲ್ಲ. ಹೇಗೆ ಗೊತ್ತು ಎಂದರೆ, ಕೇಳು.

ಬಾಳೆ ಕಲಿಸಿದ ಪಾಠ

ನಮ್ಮ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತು ಪಡೆದ ಹಣ್ಣು. ಈ ಕಡೆಯ ಹೆಣ್ಣುಮಕ್ಕಳು ಬಾಳೆಯನ್ನು ನೋಡುತ್ತಲೇ ಬೆಳೆದವರು. ಬಾಳೆಯ ಕೆಳಗಿನ ಎಲೆ ಹಳದಿಯಾಗಿ ಜೋತುಬಿದ್ದರೆ ಯಾರೂ ಗಾಬರಿಯಾಗುವುದಿಲ್ಲ, ಕುಡುಗೋಲಿನಿಂದ ಕೊಯ್ದು ಹಾಕುತ್ತೇವೆ. ಆದರೆ ನಡುವಿನ ಸುಳಿ ಬಿಳಚಿಕೊಂಡರೆ ಎದೆ ಝಲ್ ಎನ್ನುತ್ತದೆ. ನೀರಿನೊಳಗಿನ ಗಿಡಕ್ಕೂ ಇದೇ ಲೆಕ್ಕ. ಹಳದಿಯಾಗಿರುವುದು ಹಳೆಯ ಎಲೆಯೋ, ಹೊಸ ಚಿಗುರೋ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ರೋಗ ಗೊತ್ತಾದಂತೆ.

ಕಾರಣ ಸರಳ. ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಇವು ಗಿಡದ ಮೈಯೊಳಗೆ ಓಡಾಡಬಲ್ಲ ಸತ್ವಗಳು. ಕೊರತೆ ಬಿದ್ದಾಗ ಗಿಡ ಇವನ್ನು ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಮನೆಯಲ್ಲಿ ಹಾಲು ಕಡಿಮೆಯಾದರೆ ನಾವು ನಮ್ಮ ಚಹಾ ಬಿಟ್ಟು ಮಗುವಿನ ಲೋಟ ತುಂಬಿಸುವುದಿಲ್ಲವೇ, ಹಾಗೆ. ಆಗ ಹಳೆ ಎಲೆ ಹಳದಿಯಾಗುತ್ತದೆ. ಕಬ್ಬಿಣ ಹೀಗೆ ಓಡಾಡುವುದಿಲ್ಲ. ಹಳೆ ಎಲೆಯಲ್ಲಿ ಎಷ್ಟೇ ಇದ್ದರೂ ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಬ್ಬಿಣ ಸಿಗದಾಗ ಹೊಸ ಚಿಗುರೇ ಬಿಳಚಿಕೊಂಡು ಹುಟ್ಟುತ್ತದೆ.

ಮಾಂಟೆ ಕಾರ್ಲೋದಂಥ ಗಿಡದ ಎಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬರಿಗಣ್ಣಿಗೆ ಹಳೆಯದು ಹೊಸದು ತಿಳಿಯುವುದು ಕಷ್ಟ. ಅತ್ತೆಯವರು ಪುರಾಣ ಓದುವ ಭೂತಗನ್ನಡಿ ಇದ್ದರೆ ತೆಗೆದುಕೊಂಡು ನೋಡು. ಬೇರಿನ ಬುಡದ ಕಡೆ ಇರುವುದು ಹಳೆಯ ಎಲೆ, ಹರಿದು ಮುಂದೆ ಹೋಗುವ ಬಳ್ಳಿಯ ತುದಿಯದು ಹೊಸದು.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡು. ಎಲೆಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜು. ಹಳದಿ-ಕಂದು ಬಣ್ಣ ಧೂಳಿನಂತೆ ಎದ್ದು ಬಂದು ಅಡಿಯಲ್ಲಿ ಹಸಿರು ಕಂಡರೆ ಅದು ಎಲೆಯ ರೋಗವೇ ಅಲ್ಲ. ಹೊಸ ತೊಟ್ಟಿಗಳಲ್ಲಿ ಮೊದಲ ಕೆಲವು ವಾರ ಬರುವ ಕಂದು ಪಾಚಿ. ನೀರು ಬದಲಿಸುತ್ತ ಹೋದರೆ ತಾನೇ ಕಡಿಮೆಯಾಗುತ್ತದೆ.

ಮೊದಲನೆಯ ಹಳದಿ: ಗಿಡ ಬಟ್ಟೆ ಬದಲಿಸುತ್ತಿದೆ

ನಿನ್ನ ಮೊದಲನೆಯ ಫೋಟೋದಲ್ಲಿ ತೊಟ್ಟಿಯ ಮುಂಭಾಗದ ಗಿಡಗಳಿವೆ. ಬುಡದ ಎಲೆಗಳು ಹಳದಿಯಾಗಿ ಗಾಜಿನಂತೆ ತೆಳುವಾಗಿವೆ, ಕೆಲವು ಕರಗಿಯೇ ಹೋಗಿವೆ. ಆದರೆ ತುದಿಯಲ್ಲಿ ಎಳ್ಳಿನಷ್ಟು ಸಣ್ಣ, ತಿಳಿ ಹಸಿರು ಚಿಗುರು ಇದೆ. ಅದೇ ಶುಭ ಸೂಚನೆ.

ಇಂಥ ಸಸಿಗಳನ್ನು ನರ್ಸರಿಗಳಲ್ಲಿ ಹೆಚ್ಚಾಗಿ ನೀರಿನ ಒಳಗೆ ಬೆಳೆಸುವುದಿಲ್ಲ. ಬೇರಿಗೆ ತೇವ ಕೊಟ್ಟು ಎಲೆಯನ್ನು ಗಾಳಿಯಲ್ಲಿ ಬಿಡುತ್ತಾರೆ. ಹಾಗೆ ಬೇಗ ಬೆಳೆಯುತ್ತದೆ, ಪಾಚಿ ಹತ್ತುವುದಿಲ್ಲ. ಗಾಳಿಯಲ್ಲಿ ಬೆಳೆದ ಎಲೆಯ ಮೇಲೆ ನೀರು ಆರದಂತೆ ಮೇಣದ ಪದರ ಇರುತ್ತದೆ. ನೀರಿನಲ್ಲಿ ಬೆಳೆಯುವ ಎಲೆಗೆ ಅದರ ಹಂಗಿಲ್ಲ. ಅದು ತೆಳುವಾಗಿದ್ದು ತನಗೆ ಬೇಕಾದ್ದನ್ನು ಮೈತುಂಬ ಹೀರಿಕೊಳ್ಳುತ್ತದೆ. ಗಾಳಿಯ ಎಲೆ ನೀರಿಗೆ ಬಿದ್ದ ಮೇಲೆ ಹೆಚ್ಚು ದಿನ ಕೆಲಸಕ್ಕೆ ಬಾರದು. ಗಿಡ ಅದರ ಸತ್ವವನ್ನು ಹಿಂದಕ್ಕೆ ಎಳೆದುಕೊಂಡು ಹೊಸ ಎಲೆ ಕಟ್ಟುತ್ತದೆ. ಹಳೆ ಸೀರೆಯ ಜರಿ ಬಿಚ್ಚಿ ಹೊಸ ಸೀರೆಗೆ ಹಚ್ಚಿದ ಹಾಗೆ.

ಈ ಬದಲಾವಣೆಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಿನ್ನದು ಹದಿನೆಂಟನೆಯ ದಿನ, ಅಂದರೆ ಸರಿಯಾಗಿ ನಡುನೀರಿನಲ್ಲಿ ಇದ್ದೀ. ಬಹಳ ಜನ ಕಿತ್ತೆಸೆಯುವುದು ಈ ವಾರದಲ್ಲೇ. ಇನ್ನು ಹತ್ತು ದಿನ ತಾಳಿದ್ದರೆ ಹಸಿರು ಕಾಣುತ್ತಿದ್ದರು. ತಾಳಿದವನು ಬಾಳಿಯಾನು ಎಂಬ ಮಾತು ಈ ಗಿಡಕ್ಕೆ ಚೆನ್ನಾಗಿ ಒಪ್ಪುತ್ತದೆ.

ತಾಳುವುದೆಂದರೆ ಕೈಕಟ್ಟಿ ಕೂಡುವುದಲ್ಲ. ಹಳದಿಯಾಗಿ ಮೆತ್ತಗಾದ ಎಲೆಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಹೊರಗೆ ತೆಗೆ. ಬೇರು ಮತ್ತು ತುದಿಯ ಚಿಗುರು ಉಳಿಯಲಿ. ಕೊಳೆತ ಎಲೆ ತೊಟ್ಟಿಯಲ್ಲೇ ಉಳಿದರೆ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ವಾರಕ್ಕೆ ಎರಡು ಸಲ ತೊಟ್ಟಿಯ ಕಾಲು ಭಾಗ ನೀರು ಬದಲಿಸು. ನಲ್ಲಿಯ ನೀರಾದರೆ ಹಿಂದಿನ ದಿನವೇ ಅಗಲ ಬಾಯಿಯ ಬಕೀಟಿನಲ್ಲಿ ತೆರೆದಿಡು, ಕ್ಲೋರಿನ್ ಹಾರಿಹೋಗಲಿ.

ಎರಡನೆಯ ಹಳದಿ: ಬೇಳೆ ಬೇಯದ ನೀರು

ಎರಡನೆಯ ಫೋಟೋ ಬೇರೆ ಕಥೆ ಹೇಳುತ್ತದೆ. ತೊಟ್ಟಿಯ ನಡುವೆ ಬೆಟ್ಟದಂತೆ ಕಲ್ಲು ಜೋಡಿಸಿದ್ದೀ. ಮನೆಗೆ ಶಹಾಬಾದ್ ಫರಸಿ ಹಾಕಿಸಿದಾಗ ಉಳಿದ ಚೂರುಗಳು ಎಂದು ಹಿಂದೆ ಬರೆದಿದ್ದೀ. ನೋಡಲು ಚೆಂದವೇ. ಆದರೆ ಆ ಕಲ್ಲಿನ ಸುತ್ತಲಿನ ಗಿಡಗಳಲ್ಲಿ ಹೊಸ ಚಿಗುರೇ ಬಿಳಿ-ಹಳದಿಯಾಗಿದೆ, ಬುಡದ ಎಲೆ ಇನ್ನೂ ಹಸಿರಾಗಿದೆ. ಇದು ಬಟ್ಟೆ ಬದಲಿಸುವ ಹಳದಿ ಅಲ್ಲ. ಇದು ಸುಣ್ಣದ ಹಳದಿ.

ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ನಮ್ಮ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಸುಣ್ಣದ ಕಲ್ಲಿನ ಮೇಲೆ. ಫರಸಿಯ ಮೇಲೆ ನಿಂಬೆರಸ ಚೆಲ್ಲಿದರೆ ಬಿಳಿ ಕಲೆ ಉಳಿಯುತ್ತದೆಂದು ನಮಗೆಲ್ಲ ಗೊತ್ತು. ಹುಳಿ ತಾಗಿದ ಕಡೆ ಕಲ್ಲು ಕರಗಿದ ಗುರುತು ಅದು. ತೊಟ್ಟಿಯ ನೀರಿನಲ್ಲೂ ಅದೇ ಕಲ್ಲು ನಿಧಾನವಾಗಿ ಕರಗುತ್ತದೆ, ನೀರು ಗಡಸಾಗುತ್ತ ಹೋಗುತ್ತದೆ.

ಗಡಸು ನೀರು ಎಂದರೇನು ಎಂದು ಅಡಿಗೆಮನೆಗೆ ಹೇಳಿಕೊಡಬೇಕಿಲ್ಲ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಬಂತು. ಅಂಥ ಒಳ್ಳೆಯ ಬೇಳೆಯೂ ಸವಳು ಬೋರಿನ ನೀರಿನಲ್ಲಿ ಬೇಗ ಬೇಯುವುದಿಲ್ಲ. ಸಾಬೂನು ನೊರೆ ಬರುವುದಿಲ್ಲ, ಹಂಡೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಬೇಳೆ ಬೇಯದ ನೀರಿನಲ್ಲಿ ಹಾಸುಗಿಡವೂ ಸುಲಭವಾಗಿ ಹಸಿರಾಗದು ಎಂದು ನೆನಪಿಟ್ಟುಕೊಂಡರೆ ಸಾಕು.

ಯಾಕೆಂದರೆ ಸುಣ್ಣದ ನೀರಿಗೆ ಕ್ಷಾರ ಗುಣ ಬರುತ್ತದೆ. ಅಂಥ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲುವುದಿಲ್ಲ, ತುಕ್ಕಿನ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ತಟ್ಟೆಯಲ್ಲಿ ಊಟ ಇದೆ, ಬಾಯಿಗೆ ಹಾಕುವಂತಿಲ್ಲ. ಸುಣ್ಣದ ಹರಳು ಹೆಚ್ಚಾಗಿರುವ ಕಪ್ಪು ಭೂಮಿಯಲ್ಲಿ ಶೇಂಗಾ ಹಳದಿ ತಿರುಗುವುದನ್ನು ರೈತರ ಮನೆಯವರು ನೋಡಿರುತ್ತೀರಿ. ಭೂಮಿಯಲ್ಲಿ ಕಬ್ಬಿಣ ಇದ್ದರೂ ಬೆಳೆಗೆ ಎಟುಕುವುದಿಲ್ಲ. ಹೊಲದ ರೋಗವೇ ಗಾಜಿನ ತೊಟ್ಟಿಯಲ್ಲಿ ಸಣ್ಣದಾಗಿ ಕಾಣಿಸಿದೆ.

ಆದ್ದರಿಂದ ತಂಗೀ, ಔಷಧದ ಬಾಟಲಿಗೆ ರೊಕ್ಕ ಹಾಕುವ ಮೊದಲು ಕಲ್ಲು ತೆಗೆ. ಯಾವುದೇ ಕಲ್ಲು, ಹರಳು, ಮರಳನ್ನು ತೊಟ್ಟಿಗೆ ಹಾಕುವ ಮೊದಲು ಒಣಗಿಸಿ ಅದರ ಮೇಲೆ ನಾಲ್ಕು ಹನಿ ನಿಂಬೆರಸ ಅಥವಾ ವಿನಿಗರ್ ಬಿಡಬೇಕು. ಸಣ್ಣ ಗುಳ್ಳೆ ಎದ್ದು ಜುಯ್ ಎಂದರೆ ಸುಣ್ಣ ಇದೆ, ಅದು ತೊಟ್ಟಿಗೆ ಬೇಡ. ಸಿಂಪಿ, ಕವಡೆ, ಹವಳದ ಚೂರು, ಅಮೃತಶಿಲೆಯ ಹರಳು ಇವೆಲ್ಲ ಅದೇ ಜಾತಿ. ಗ್ರಾನೈಟ್ ಕಲ್ಲು ಹುಳಿಗೆ ಜಗ್ಗುವುದಿಲ್ಲ, ಅದನ್ನು ತೊಳೆದು ಇಡಬಹುದು.

ನೀರನ್ನು ಮೆದುಗೊಳಿಸುವುದು ಹೇಗೆ

ಕಲ್ಲು ತೆಗೆದ ಮೇಲೂ ತೊಟ್ಟಿಯಲ್ಲಿ ಗಡಸು ನೀರು ಉಳಿದೇ ಇರುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಸುಮಾರು 54 ಲೀಟರ್ ನೀರು ಹಿಡಿಸುತ್ತದೆ, ಮರಳು ಕಳೆದರೆ 45 ಲೀಟರ್ ಎನ್ನೋಣ. ಪ್ರತಿ ಸಲ ಹತ್ತು-ಹನ್ನೊಂದು ಲೀಟರ್ ತೆಗೆದು, ಅದರ ಜಾಗಕ್ಕೆ ಮಳೆನೀರು ಅಥವಾ ಮನೆಯ ಆರ್.ಓ. ಯಂತ್ರದ ನೀರು ಹಾಕು. ಎಲ್ಲ ನೀರನ್ನೂ ಒಂದೇ ದಿನ ಬದಲಿಸಬಾರದು, ಮೀನು ತಡೆದುಕೊಳ್ಳುವುದಿಲ್ಲ. ಎರಡು ಮೂರು ವಾರದಲ್ಲಿ ಅರ್ಧ ಗಡಸು, ಅರ್ಧ ಮೆದು ಎನ್ನುವ ಹದಕ್ಕೆ ಬರಲಿ. ಅಲ್ಲಿಗೆ ನಿಲ್ಲಿಸಿ, ಮುಂದಿನ ಬದಲಾವಣೆಗಳಿಗೆ ಎರಡನ್ನೂ ಸಮವಾಗಿ ಬೆರೆಸಿಯೇ ಹಾಕು. ಬರೀ ಆರ್.ಓ. ನೀರೂ ಒಳ್ಳೆಯದಲ್ಲ, ಅದರಲ್ಲಿ ಗಿಡಕ್ಕೆ ಬೇಕಾದ ಸುಣ್ಣ, ಮೆಗ್ನೀಸಿಯಂ ಕೂಡ ಇರುವುದಿಲ್ಲ. ಗಪ್ಪಿಗೆ ಸ್ವಲ್ಪ ಗಡಸು ನೀರೇ ಹಿತ.

ಮಳೆನೀರು ಹಿಡಿಯುವವರು ಮೊದಲೆರಡು ಮಳೆ ಬಿಟ್ಟು ಹಿಡಿಯಿರಿ, ಮಾಳಿಗೆಯ ಧೂಳು ತೊಳೆದು ಹೋಗಲಿ. ಹೊಸ ಸಿಮೆಂಟ್ ತೊಟ್ಟಿಯಲ್ಲಿ ಕೂಡಿಡಬೇಡಿ, ಅದರಿಂದಲೂ ಸುಣ್ಣ ಇಳಿಯುತ್ತದೆ. ಸ್ಟೀಲ್ ಅಥವಾ ಪ್ಲಾಸ್ಟಿಕ್ ಪಾತ್ರೆ ಸಾಕು.

ಇನ್ನೊಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನವೂ ಆರುತ್ತದೆ. ಆರುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಆರಿದಷ್ಟಕ್ಕೆ ಮತ್ತೆ ಬೋರಿನ ನೀರನ್ನೇ ತುಂಬುತ್ತ ಹೋದರೆ, ಸಾರು ಕುದಿಸಿ ಕುದಿಸಿ ಉಪ್ಪಾದ ಹಾಗೆ, ತಿಂಗಳೊಪ್ಪತ್ತಿನಲ್ಲಿ ನೀರು ಮತ್ತಷ್ಟು ಗಡಸಾಗುತ್ತದೆ. ಆರಿದ ನೀರಿನ ಜಾಗಕ್ಕೆ ಯಾವಾಗಲೂ ಮೆದು ನೀರನ್ನೇ ಹಾಕಬೇಕು.

ಇಷ್ಟೆಲ್ಲ ಆದ ಮೇಲೂ ಚಿಗುರು ಬಿಳಚಿಕೊಂಡೇ ಇದ್ದರೆ ಆಗ ಕಬ್ಬಿಣದ ಮಾತು. ರೈತರು ಹೊಲಕ್ಕೆ ಬಳಸುವ ಅನ್ನಭೇದಿಯನ್ನು ತೊಟ್ಟಿಗೆ ಹಾಕಬೇಡ, ಗಡಸು ನೀರಿನಲ್ಲಿ ಬೇಗ ತುಕ್ಕಾಗಿಬಿಡುತ್ತದೆ. ಅಕ್ವೇರಿಯಂ ಗಿಡಗಳಿಗೆಂದೇ ಬರುವ ಔಷಧದಲ್ಲಿ ಕಬ್ಬಿಣವನ್ನು ಇನ್ನೊಂದು ವಸ್ತುವಿನೊಂದಿಗೆ ಬೆಸೆದಿರುತ್ತಾರೆ. ಡಬ್ಬಿಯ ಮೇಲೆ ಇ.ಡಿ.ಟಿ.ಎ. ಎಂದಿದ್ದರೆ ಅದು ಮೆದು ನೀರಿಗೆ ಸರಿ. ನಮ್ಮ ಕಡೆಯ ನೀರಿಗೆ ಡಿ.ಟಿ.ಪಿ.ಎ. ಎಂದು ಬರೆದಿರುವುದೇ ವಾಸಿ. ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಅರ್ಧ ಅಳತೆಯಿಂದ ಶುರುಮಾಡು. ಫಲ ನೋಡಬೇಕಾದದ್ದು ಹೊಸದಾಗಿ ಹುಟ್ಟುವ ಎಲೆಯಲ್ಲಿ. ಬಿಳಚಿದ ಎಲೆ ಪೂರ್ತಿ ಹಸಿರಾಗಲೆಂದು ಕಾಯುತ್ತ ಕೂಡಬೇಡ.

ಯೂರಿಯಾ ಮಾತ್ರ ಬೇಡವೇ ಬೇಡ

ಬಾಜು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಹೊಲದಲ್ಲಿ ಹಳದಿ ಪೈರಿಗೆ ಯೂರಿಯಾ ಕೊಡುವುದು ರೂಢಿ. ಆದರೆ ತೊಟ್ಟಿಯಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಹಳೆಯ ತೊಟ್ಟಿಯಾದರೆ ಅದನ್ನು ತಿಂದು ಹಾಕುವ ಸೂಕ್ಷ್ಮಜೀವಿಗಳು ಮರಳಿನಲ್ಲಿ ಮನೆ ಮಾಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅದೂ ಅಲ್ಲದೆ, ಕ್ಷಾರದ ನೀರಿನಲ್ಲಿ ಮತ್ತು ಬಿಸಿ ನೀರಿನಲ್ಲಿ ಅಮೋನಿಯಾದ ವಿಷ ಹೆಚ್ಚು. ನಮ್ಮಲ್ಲಿ ಎರಡೂ ಇವೆ. ಒಂದು ಚಿಟಿಕೆಯಿಂದ ಬೆಳಗಾಗುವುದರೊಳಗೆ ಆರು ಮೀನೂ ಹೋಗಬಹುದು. ಮಂಚದ ಮೇಲಿಂದ ದಿನವಿಡೀ ನೋಡುವ ಹಿರಿಯರ ಎದುರಿಗೆ ಅದು ಆಗಬಾರದು. ಸೆಗಣಿ ಗೊಬ್ಬರ, ಹಿಂಡಿ ಕೂಡ ಇದೇ ಕಾರಣಕ್ಕೆ ಬೇಡ.

ಮೀನುಗಳಿಗೆ ಸದ್ಯಕ್ಕೆ ದಿನಕ್ಕೊಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳು ಹಾಕು. ಮೀನಿನ ಹೇಲಿನಿಂದಲೇ ಗಿಡಕ್ಕೆ ಸಾರಜನಕ ಸ್ವಲ್ಪ ಸಿಗುತ್ತದೆ. ಮುಂದೆ ಎರಡು ತಿಂಗಳಾದ ಮೇಲೆ, ಗಿಡ ಹಬ್ಬತೊಡಗಿ ಬುಡದ ಎಲೆ ಮತ್ತೆ ಹಳದಿಯಾದರೆ, ಅಥವಾ ಹಳೆ ಎಲೆಯಲ್ಲಿ ಸೂಜಿಮೊನೆಯಂಥ ತೂತು ಬಿದ್ದರೆ, ಅದು ಸಾರಜನಕದ ಅಥವಾ ಪೊಟ್ಯಾಶಿನ ಹಸಿವು. ಆಗ ಮರಳಿನಲ್ಲಿ ಹುಗಿಯುವ ಬೇರು-ಗುಳಿಗೆ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಬಳಸಬಹುದು.

ಬೆಳಕು, ಬಿಸಿಲು, ಗಾಳಿ

ಹಾಸುಗಿಡ ತೊಟ್ಟಿಯ ತಳದಲ್ಲಿ ಇರುವುದರಿಂದ ಬೆಳಕು ಅಲ್ಲಿಗೆ ಇಳಿಯುವಷ್ಟರಲ್ಲಿ ಸೊರಗಿರುತ್ತದೆ. ಗಿಡ ನೆಲಕ್ಕೆ ಹಬ್ಬದೆ ಕಾಲು ನೀಡಿ ಮೇಲೆ ಎದ್ದಿದ್ದರೆ ಬೆಳಕು ಸಾಲದು ಎಂದರ್ಥ. ಹಾಗೆಂದು ಹನ್ನೆರಡು ತಾಸು ದೀಪ ಉರಿಸಿದರೆ ಪಾಚಿ ಮುತ್ತುತ್ತದೆ. ಮೊದಲ ತಿಂಗಳು ದಿನಕ್ಕೆ ಆರು ತಾಸು, ಆಮೇಲೆ ಎಂಟು ತಾಸು ಸಾಕು. ಕಿಟಕಿಯ ನೇರ ಬಿಸಿಲು ಬೇಡ.

ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಈ ಗಿಡಗಳಿಗೆ ಹಿತವಾದದ್ದು 20ರಿಂದ 28 ಡಿಗ್ರಿಯ ನೀರು. ನೀರು ಕಾದಷ್ಟೂ ಅದರಲ್ಲಿ ಗಾಳಿ ಕಡಿಮೆ ಕರಗುತ್ತದೆ, ಗಿಡದ ಉಸಿರಾಟ ಮಾತ್ರ ಹೆಚ್ಚಾಗುತ್ತದೆ. ದುಡಿದದ್ದೆಲ್ಲ ಖರ್ಚಿಗೇ ಹೋಗುತ್ತದೆ. ಆದ್ದರಿಂದ ಹೊಸದಾಗಿ ಹಚ್ಚುವವರು ಮಳೆಗಾಲ ಹಿಡಿದ ಮೇಲೆ, ಇಲ್ಲವೇ ಚಳಿಗಾಲದ ಆರಂಭದಲ್ಲಿ ಹಚ್ಚಿ. ಬೇಸಿಗೆಯಲ್ಲಿ ತೊಟ್ಟಿಯ ಮುಚ್ಚಳ ತೆಗೆದು, ತೆಳು ಬಲೆ ಹೊದಿಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ರೀತಿಯಲ್ಲಿ. ಆರಿದ ನೀರಿಗೆ ಏನು ತುಂಬಬೇಕೆಂದು ಮೇಲೆಯೇ ಹೇಳಿದ್ದೇನೆ.

ಇನ್ನು ಇಂಗಾಲಾಮ್ಲ ವಾಯು. ಗಿಡದ ಮುಖ್ಯ ಊಟವೇ ಅದು. ಆದರೆ ನೀರಿನಲ್ಲಿ ಅದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಅಂಗಡಿಯ ಗ್ಯಾಸ್ ಸಿಲಿಂಡರಿಗೆ ಸಾವಿರಾರು ರೂಪಾಯಿ ಬೇಕು. ಮನೆಯಲ್ಲೇ ಮಾಡಿಕೊಳ್ಳುವ ಒಂದು ಉಪಾಯವಿದೆ. ದೋಸೆ ಹಿಟ್ಟು ಉಬ್ಬುವುದು ಯಾವ ಗಾಳಿಯಿಂದಲೋ ಅದೇ ಗಾಳಿ ಇದು.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ
ಸಕ್ಕರೆ 200 ಗ್ರಾಂ
ಬ್ರೆಡ್ ಮಾಡುವ ಯೀಸ್ಟ್ ಕಾಲು ಚಹಾ ಚಮಚ
ಉಗುರು ಬೆಚ್ಚಗಿನ ನೀರು ಒಂದೂಕಾಲು ಲೀಟರ್

ಇವನ್ನು ಬಾಟಲಿಯಲ್ಲಿ ಬೆರೆಸಿ, ಮುಚ್ಚಳಕ್ಕೆ ತೂತು ಕೊರೆದು ಏರ್ ಪಂಪಿನ ಸಣ್ಣ ನಳಿಕೆಯನ್ನು ಬಿಗಿಯಾಗಿ ಸೇರಿಸಿ. ನಳಿಕೆ ನೇರ ತೊಟ್ಟಿಗೆ ಹೋಗದೆ ನಡುವೆ ಒಂದು ಖಾಲಿ ಬಾಟಲಿಯ ಮೂಲಕ ಹಾಯಲಿ; ನೊರೆ ಉಕ್ಕಿದರೆ ಅಲ್ಲೇ ನಿಲ್ಲುತ್ತದೆ. ಹತ್ತು-ಹದಿನಾಲ್ಕು ದಿನ ಗುಳ್ಳೆ ಬರುತ್ತದೆ. ಎರಡು ಎಚ್ಚರಿಕೆ: ನಳಿಕೆಯ ಬಾಯಿ ಎಂದೂ ಮುಚ್ಚಿಹೋಗಬಾರದು, ಬಾಟಲಿ ಒಡೆದೀತು. ರಾತ್ರಿ ದೀಪ ಆರಿಸಿದ ಮೇಲೆ ನಳಿಕೆಯನ್ನು ತೊಟ್ಟಿಯಿಂದ ಹೊರಗೆ ತೆಗೆಯಬೇಕು. ಕತ್ತಲೆಯಲ್ಲಿ ಗಿಡ ಆ ವಾಯುವನ್ನು ತಿನ್ನುವುದಿಲ್ಲ, ತಾನೂ ಉಸಿರು ಬಿಡುತ್ತದೆ. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕೂಡಲೇ ಗಾಳಿಯ ಪಂಪು ಹಾಕಿ, ನೀರು ಬದಲಿಸಿ.

ಈ ಗಿಡ ನಮಗೆ ಎಲ್ಲಿಂದ ಬಂತು

ನೀರೊಳಗೆ ಹುಲ್ಲುಗಾವಲು ಮಾಡುವ ಈ ಶೋಕಿ ಜಗತ್ತಿಗೆ ಹರಡಿದ್ದು ಮುಖ್ಯವಾಗಿ ಜಪಾನಿನ ತಕಾಶಿ ಅಮಾನೋ ಅವರಿಂದ. 1954ರಲ್ಲಿ ಹುಟ್ಟಿದ ಅವರು ಛಾಯಾಗ್ರಾಹಕರು. 1982ರಲ್ಲಿ ಅಕ್ವೇರಿಯಂ ಗಿಡಗಳ ಕಂಪನಿ ಕಟ್ಟಿದರು. ಕಾಡು, ಬೆಟ್ಟ, ಬಯಲುಗಳನ್ನು ಗಾಜಿನೊಳಗೆ ತೋರಿಸಿದರು. 2015ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ 40 ಮೀಟರ್ ಉದ್ದದ ತೊಟ್ಟಿಯನ್ನು ಮಾಡಿಕೊಟ್ಟು, ಅದೇ ವರ್ಷ ತೀರಿಕೊಂಡರು. ಮಾಂಟೆ ಕಾರ್ಲೋ ಗಿಡದ ಮೂಲ ಅರ್ಜೆಂಟೀನಾ. ಇನ್ನೂ ಸಣ್ಣೆಲೆಯ ಇನ್ನೊಂದು ಗಿಡ ಕ್ಯೂಬಾದ್ದು. ದೂರದ ತಂಪು ನೀರಿನಿಂದ ಕಲಬುರಗಿಯ ಬಿಸಿಲಿಗೆ ಬಂದ ಸೊಸೆ ಅದು. ನಾಲ್ಕು ದಿನ ಮುಖ ಬಾಡಿಸಿದರೆ ತವರಿಗೆ ಅಟ್ಟುವುದು ನ್ಯಾಯವಲ್ಲ.

ಗ್ಯಾಸು, ಹೆಚ್ಚಿನ ಬೆಳಕು ಎರಡೂ ಕೊಡಲಾಗದವರು ಕ್ಯೂಬಾದ ಗಿಡಕ್ಕೆ ಕೈ ಹಾಕಬೇಡಿ. ನಾಲ್ಕೆಲೆಯ ಮಾರ್ಸಿಲಿಯಾ, ಗಿಡ್ಡ ಸಜಿಟೇರಿಯಾ, ಬಲೆಗೆ ಕಟ್ಟಿದ ಜಾವಾ ಪಾಚಿ ಇವು ನಿಧಾನವಾಗಿಯಾದರೂ ಬದುಕುತ್ತವೆ. ಮಾಂಟೆ ಕಾರ್ಲೋ ಇವೆರಡರ ನಡುವಿನದು. ಗ್ಯಾಸು ಕೊಟ್ಟರೆ ಆರೆಂಟು ವಾರದಲ್ಲಿ ಹಬ್ಬುತ್ತದೆ, ಕೊಡದಿದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೊಸದಾಗಿ ಹಚ್ಚುವವರಿಗೆ

1. ಕುಂಡದಲ್ಲಿ ಬಂದ ಸಸಿಯ ಬೇರಿಗೆ ಸುತ್ತಿದ ಹತ್ತಿಯಂಥ ನಾರನ್ನು, ಡಬ್ಬಿಯಲ್ಲಿ ಬಂದ ಸಸಿಯ ಲೋಳೆಯನ್ನು ಪೂರ್ತಿ ತೊಳೆಯಿರಿ.

2. ಇಡೀ ಗಡ್ಡೆಯನ್ನು ಒಂದೇ ಕಡೆ ಊರಬೇಡಿ. ಉಗುರಿನಷ್ಟು ಸಣ್ಣ ಚೂರು ಮಾಡಿ, ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿ ಚಿಮಟದಿಂದ ಊರಿರಿ. ಒಂದೇ ಮುದ್ದೆಯಾಗಿ ಹಚ್ಚಿದರೆ ಒಳಗಿನ ಎಲೆಗೆ ಬೆಳಕಿಲ್ಲದೆ ಹಳದಿಯಾಗುತ್ತದೆ.

3. ಮರಳು ರವೆಯಷ್ಟು ನುಣುಪೂ ಬೇಡ, ಕಡಲೆಯಷ್ಟು ದಪ್ಪವೂ ಬೇಡ. ಒಂದರಿಂದ ಮೂರು ಮಿಲಿಮೀಟರಿನ ಹರಳು, ನಾಲ್ಕೈದು ಸೆಂಟಿಮೀಟರ್ ದಪ್ಪ ಇರಲಿ.

4. ತಾಳ್ಮೆ ಇದ್ದವರು ಮೊದಲ ಐದಾರು ವಾರ ನೀರು ತುಂಬದೆ, ಮರಳು ಒದ್ದೆಯಾಗುವಷ್ಟೇ ನೀರು ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬೆಳೆಸಬಹುದು. ಹೆಸರುಕಾಳಿಗೆ ಒದ್ದೆ ಬಟ್ಟೆ ಕಟ್ಟಿ ಮೊಳಕೆ ತರಿಸಿದಂತೆ. ದಿನಕ್ಕೊಮ್ಮೆ ಹಾಳೆ ತೆಗೆದು ಗಾಳಿಯಾಡಿಸಿ, ಇಲ್ಲದಿದ್ದರೆ ಬೂಸು ಬರುತ್ತದೆ. ಬೇರು ಹಿಡಿದ ಮೇಲೆ ನೀರು ತುಂಬಿ, ಆಮೇಲೆ ಮೀನು ಬಿಡಿ.

5. ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಿ. ಕಲ್ಲು ತೆಗೆದು, ದೀಪ ಬದಲಿಸಿ, ಔಷಧವನ್ನೂ ಒಟ್ಟಿಗೇ ಹಾಕಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ತಿಳಿಯದು. ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕದ ಜೊತೆಗೇ ಬರೆದಿಡಿ.

ಪತ್ರ ಬರೆದ ತಂಗಿಗೆ ಕಡೆಯ ಮಾತು. ಭೂತಗನ್ನಡಿಯನ್ನು ಅತ್ತೆಯವರ ಕೈಗೇ ಕೊಡು. ಇವತ್ತು ಎಷ್ಟು ಚಿಗುರು ಬಂದಿವೆ, ಯಾವುದು ಹಸಿರು, ಯಾವುದು ಹಳದಿ ಎಂದು ದಿನಾ ಎಣಿಸಿ ಹೇಳುವ ಕೆಲಸ ಅವರದಾಗಲಿ. ಮಂಚದ ಮೇಲಿದ್ದವರಿಗೆ ಬರೀ ನೋಡುವುದಕ್ಕಿಂತ, ನಾಳೆ ಏನಾಗುತ್ತದೋ ಎಂದು ಕಾಯುವ ಒಂದು ವಿಷಯ ಬೇಕು. ನಿಮ್ಮ ಯಜಮಾನರಿಗೆ ಹೇಳು, ಪ್ಲಾಸ್ಟಿಕ್ ಹುಲ್ಲು ಎಲ್ಲಿಗೂ ಹೋಗುವುದಿಲ್ಲ, ಒಂದು ತಿಂಗಳು ತಡೆದು ತರೋಣ ಎಂದು. ಅಷ್ಟರಲ್ಲಿ ತರುವ ಪ್ರಮೇಯ ಬರಲಿಕ್ಕಿಲ್ಲ.

ಓದುಗ ಸೋದರಿಯರೇ, ನಿಮ್ಮ ತೊಟ್ಟಿಯ ಗಿಡ ಹಳದಿಯಾಗಿದ್ದರೆ ಬರೆಯುವಾಗ ಮೂರು ಸಂಗತಿ ತಪ್ಪದೆ ತಿಳಿಸಿ: ಹಚ್ಚಿ ಎಷ್ಟು ದಿನವಾಯಿತು, ಹಳದಿಯಾದದ್ದು ಬುಡದ ಎಲೆಯೋ ತುದಿಯ ಚಿಗುರೋ, ಆ ನೀರಿನಲ್ಲಿ ನಿಮ್ಮ ಮನೆಯ ಬೇಳೆ ಬೇಯುತ್ತದೋ ಇಲ್ಲವೋ. ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಬೂಸು ಮತ್ತು ಗಟ್ಟಿ ಇಡ್ಲಿಯ ವಿಚಾರ ನೋಡೋಣ.